ಬಾಗಿಲು ಮುಚ್ಚಲು ಅರ್ಜಿ ಬೇಕಿಲ್ಲ

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿಯವರು ಟಿ.ವಿ.ಯಲ್ಲಿ ಕಾಣಿಸಿಕೊಂಡು, ಕೊರೊನಾ ತಡೆಯಲು ಹನ್ನೆರಡರಿಂದ ದೇಶವೇ ಬಂದ್ ಎಂದರು. ದಿನಸಿ, ಔಷಧದಂಥ ಅಂಗಡಿಗಳನ್ನು ಬಿಟ್ಟರೆ ಉಳಿದ ಶಟರುಗಳೆಲ್ಲ ಇಳಿದವು. ಆ ದಕ್ಷತೆಯನ್ನು ಮೆಚ್ಚಲೇಬೇಕು. ಯಾರೂ ಆಧಾರ್ ಕೇಳಲಿಲ್ಲ, ಒಟಿಪಿ ಬರಲಿಲ್ಲ, ಜೆರಾಕ್ಸ್ ಮೇಲೆ ಸಹಿ ಹಾಕಿಸಿಕೊಳ್ಳಲಿಲ್ಲ. ಬಾಗಿಲು ಮುಚ್ಚಿಸುವಾಗ ‘ನೀನು ನಿಜವಾಗಿಯೂ ಅಂಗಡಿಯವನೇ?’ ಎಂಬ ಅನುಮಾನ ಸರ್ಕಾರಕ್ಕೆ ಬರಲೇ ಇಲ್ಲ. ಅದು ಬಂದದ್ದು ದುಡ್ಡು ಕೊಡುವಾಗ.

ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಸುಮಾರು 2.30 ಲಕ್ಷ ಕ್ಷೌರಿಕರಿಗೆ, 60,000 ಮಡಿವಾಳರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ರಾಜ್ಯದಲ್ಲಿ ಎಷ್ಟು ಕ್ಷೌರಿಕರಿದ್ದಾರೆ ಎಂಬುದು ವಿಧಾನಸೌಧಕ್ಕೆ ಚೆನ್ನಾಗಿಯೇ ಗೊತ್ತಿತ್ತು, ಅವರು ಯಾರು ಎಂಬುದಷ್ಟೇ ಗೊತ್ತಿರಲಿಲ್ಲ. ಆದ್ದರಿಂದ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ, ತಾನು ಈ ಕಸುಬಿನವನು ಎಂಬ ಪ್ರಮಾಣಪತ್ರವನ್ನೂ ಲಗತ್ತಿಸಬೇಕಾಯಿತು. ಅರ್ಜಿ ತುಂಬಿಕೊಡುವ ಸೈಬರ್ ಸೆಂಟರ್‌ನವನೂ ಅಷ್ಟು ದಿನ ಶಟರ್ ಇಳಿಸಿಕೊಂಡು ಕುಳಿತಿದ್ದವನೇ. ಅವನ ಹೆಸರಿಗೆ ಪ್ಯಾಕೇಜಿನಲ್ಲಿ ಕಾಲಂ ಇರಲಿಲ್ಲ.

ಯಾವುದೋ ಕಚೇರಿಯಲ್ಲಿ ನಡೆದಿರಬಹುದಾದ ಮಾತುಕತೆಯನ್ನು ಊಹಿಸಿಕೊಳ್ಳುತ್ತೇನೆ.

‘ನೀನು ಕ್ಷೌರಿಕ ಎನ್ನುವುದಕ್ಕೆ ದಾಖಲೆ ಏನಪ್ಪಾ?’

‘ಇಷ್ಟು ವರ್ಷ ನಿಮ್ಮ ತಲೆ ನೋಡಿಕೊಂಡವನು ನಾನೇ ಅಲ್ಲವೇ ಸಾರ್?’

‘ಅದೆಲ್ಲ ಬಾಯಿಮಾತು. ಕಾಗದದಲ್ಲಿ ಏನಿದೆ?’

‘ಅಂಗಡಿ ಮುಚ್ಚಿ ಒಂದೂವರೆ ತಿಂಗಳಾಯಿತು. ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳಿ ಸಾರ್.’

ಆ ಮೇ ತಿಂಗಳಲ್ಲಿ ಮೇಜಿನ ಹಿಂದೆ ಕುಳಿತವರೆಲ್ಲರ ಕೂದಲು ಕಿವಿ ಮುಚ್ಚಿ ಕಾಲರ್ ದಾಟುತ್ತಿತ್ತು. ಕ್ಷೌರಿಕನಿಗೆ ಕೆಲಸವಿಲ್ಲ ಎಂಬ ದಾಖಲೆ ದಿನೇ ದಿನೇ ಬೆಳೆಯುತ್ತಲೇ ಇತ್ತು. ಮೊಹರು ಒತ್ತಲು ಮಾತ್ರ ಅದರಲ್ಲಿ ಜಾಗವಿರಲಿಲ್ಲ.

ಮರುವರ್ಷ ಎರಡನೆಯ ಅಲೆ ಬಂತು, ಮತ್ತೆ ಬೀಗ, ಮತ್ತೆ ಪ್ಯಾಕೇಜ್. ಈ ಬಾರಿ ಕ್ಷೌರಿಕರಿಗೆ 2,000, ಆಟೊದವರಿಗೆ 3,000. ರೋಗ ಮೊದಲಿಗಿಂತ ಜೋರಾಗಿತ್ತು, ಪರಿಹಾರ ಮೊದಲಿಗಿಂತ ಸಂಕೋಚದ ಸ್ವಭಾವದ್ದಾಗಿತ್ತು. ಹೇಗೂ ಒಮ್ಮೆ ಕಷ್ಟಪಟ್ಟು ಅಭ್ಯಾಸವಾದವರು, ಅಷ್ಟು ಸಾಕು ಎಂದು ಸರ್ಕಾರ ಅಂದುಕೊಂಡಿರಬೇಕು.

ಬೀದಿ ವ್ಯಾಪಾರಿಗಳಿಗೆ 2020ರ ಜೂನ್‌ನಲ್ಲಿ ಪಿಎಂ ಸ್ವನಿಧಿ ಬಂತು: 10,000 ರೂಪಾಯಿ ಸಾಲ, ಸರಿಯಾಗಿ ತೀರಿಸಿದರೆ ಶೇ 7ರಷ್ಟು ಬಡ್ಡಿ ಸಹಾಯಧನ. ಮಾರ್ಚ್ 24ರಂದು ಅಥವಾ ಅದಕ್ಕೂ ಮೊದಲು ವ್ಯಾಪಾರ ಮಾಡುತ್ತಿದ್ದವರಿಗೆ ಮಾತ್ರ. ಗುರುತಿನ ಚೀಟಿ ಇಲ್ಲದವರು ನಗರಸಭೆಯಿಂದ ಶಿಫಾರಸು ಪತ್ರ ತರಬೇಕು. ಅಂದರೆ, ಯಾವ ನಗರಸಭೆಯ ಗಾಡಿಯನ್ನು ಕಂಡರೆ ತಕ್ಕಡಿ ಎತ್ತಿಕೊಂಡು ಓಡಬೇಕಿತ್ತೋ ಅದೇ ನಗರಸಭೆ ‘ಇವರು ಇದೇ ಪಾದಚಾರಿ ಮಾರ್ಗದ ಮೇಲೆ ಇದ್ದದ್ದು ನಿಜ’ ಎಂದು ಬರೆದುಕೊಡಬೇಕು. ಅವರ ಮಟ್ಟಿಗೆ ಅದು ಅಪರಾಧದ ತಪ್ಪೊಪ್ಪಿಗೆಯೋ ಅರ್ಹತೆಯ ಪತ್ರವೋ, ತಿಳಿಯುವುದು ಮುಂದಿನ ತೆರವು ಕಾರ್ಯಾಚರಣೆಯ ದಿನ.

ಇನ್ನು ಮೊದಲೇ ಸಾಲ ಮಾಡಿದ್ದವರ ಭಾಗ್ಯ. ರಿಸರ್ವ್ ಬ್ಯಾಂಕ್ ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಬಡ್ಡಿಗೂ ಬಡ್ಡಿ ಬಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಎರಡು ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ತಾನೇ ಭರಿಸುವುದಾಗಿ ಹೇಳಿತು. ಶೇ 12ರ ಬಡ್ಡಿಯಲ್ಲಿ ಒಂದು ಲಕ್ಷ ಸಾಲವಿದ್ದವರಿಗೆ ಆರು ತಿಂಗಳಿಗೆ ಆ ವ್ಯತ್ಯಾಸ 152 ರೂಪಾಯಿ. ಬೇಕಿದ್ದರೆ ಪೆನ್ಸಿಲ್ ಹಿಡಿದು ಕೂಡಿಸಿ ನೋಡಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುವವರು ಗಾದೆಯ ಆನೆ ಆ ಮಜ್ಜಿಗೆಗೆ ಕೋರ್ಟಿನವರೆಗೆ ಹೋಗಬೇಕಿರಲಿಲ್ಲ ಎಂಬುದನ್ನು ಮರೆಯಬಾರದು.

ಆದರೆ ಇವೆಲ್ಲಕ್ಕೂ ಕಳಶವಿಟ್ಟದ್ದು ಮೂರು ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ. ಮೇ 13ರಂದು ನಿರ್ಮಲಾ ಸೀತಾರಾಮನ್ ಅದನ್ನು ಪ್ರಕಟಿಸಿದಾಗ ಅಡಮಾನ ಬೇಡ, ಮೊದಲ ವರ್ಷ ಅಸಲು ಕಟ್ಟುವುದು ಬೇಡ, ಸರ್ಕಾರದ್ದೇ ನೂರಕ್ಕೆ ನೂರು ಖಾತರಿ ಎಂದೆಲ್ಲ ಕೇಳಿ ಸಣ್ಣ ಅಂಗಡಿಯವರ ಕಣ್ಣರಳಿತು. ಖಾತರಿ ಸಿಕ್ಕಿದ್ದು ಬ್ಯಾಂಕಿಗೆ, ಅಂಗಡಿಗಲ್ಲ ಎಂಬುದು ಆಮೇಲೆ ಹೊಳೆಯಿತು. ಕೊಡುವ ಮೊತ್ತ ಎಷ್ಟು? 2020ರ ಫೆಬ್ರವರಿ 29ರಂದು ಬಾಕಿಯಿದ್ದ ಸಾಲದ ಶೇ 20. ಐದು ಕೋಟಿ ಬಾಕಿಯಿದ್ದ ಕಾರ್ಖಾನೆಯವರಿಗೆ ಒಂದು ಕೋಟಿ. ಐವತ್ತು ಸಾವಿರ ಬಾಕಿಯಿದ್ದ ಹೋಟೆಲಿನವರಿಗೆ ಹತ್ತು ಸಾವಿರ. ಸಾಲವೇ ಮಾಡದೆ, ಚೀಟಿ ಹಣದಲ್ಲಿ ತವಾ, ಬೆಂಚು ಕೊಂಡು ಮರ್ಯಾದೆಯಿಂದ ದೋಸೆ ಹುಯ್ಯುತ್ತಿದ್ದವರಿಗೆ ಸೊನ್ನೆಯ ಶೇ 20.

ಈ ಯೋಜನೆ ಸೇರಿದ್ದ ಪ್ಯಾಕೇಜಿನ ಹೆಸರು ಆತ್ಮನಿರ್ಭರ ಭಾರತ. ಅದಾಗಲೇ ಯಾರ ಹಂಗೂ ಇಲ್ಲದೆ ಆತ್ಮನಿರ್ಭರರಾಗಿದ್ದವರನ್ನು ಯೋಜನೆ ಗುರುತಿಸಿ, ಗೌರವಿಸಿ, ಹೊರಗಿಟ್ಟಿತು.

ಸಣ್ಣ ವ್ಯಾಪಾರಿಗಳು ಇನ್ನಾದರೂ ಮುಂದಾಲೋಚನೆ ಕಲಿಯಬೇಕು. ಮುಂದಿನ ವಿಪತ್ತಿಗೆ ಮೊದಲೇ, ಈಗಲೇ, ಅಗತ್ಯವಿಲ್ಲದಿದ್ದರೂ ಒಂದು ದೊಡ್ಡ ಸಾಲ ಮಾಡಿಟ್ಟುಕೊಳ್ಳುವುದು ಕ್ಷೇಮ. ಆದರೆ ಲೆಕ್ಕಕ್ಕೆ ಬರುವುದು ಫೆಬ್ರವರಿ 29ರ ಬಾಕಿ ಮಾತ್ರ ಎಂದು ಮತ್ತೆ ಆದೇಶವಾದರೆ, ವಿಪತ್ತೂ ಸ್ವಲ್ಪ ತಡೆದು 2028ಕ್ಕೇ ಬರಬೇಕಾಗುತ್ತದೆ.