ರನ್‌ವೇ ಅವರದು, ಕಿವಿ ನಮ್ಮದು

ನಮ್ಮ ಊರಿಗೆ ಅಂಟಿಕೊಂಡಿರುವ ಸಣ್ಣ ಏರ್‌ಪೋರ್ಟನ್ನು ಇನ್ನೂ ದೊಡ್ಡದು ಮಾಡುತ್ತಾರಂತೆ. ರನ್‌ವೇ ಉದ್ದ ಮಾಡುತ್ತಾರೆ, ವಿಮಾನ ನಿಲ್ಲಿಸೋಕೆ ಹೊಸ ಹ್ಯಾಂಗರ್ ಕಟ್ಟುತ್ತಾರೆ. ಸಿಟಿ ಕೌನ್ಸಿಲ್ ಬೇಡ ಅಂತ ನಿರ್ಣಯ ಮಾಡಿ ಕಳಿಸಿದೆ. ಆದರೆ ಏರ್‌ಪೋರ್ಟ್ ಇರೋದು ಕೌಂಟಿಯ, ಅಂದರೆ ಜಿಲ್ಲಾಡಳಿತದ ಕೈಯಲ್ಲಿ, ಮೇಲಿನ ಆಕಾಶ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೈಯಲ್ಲಿ. ನಮ್ಮ ಸಿಟಿಯ ಕೈಯಲ್ಲಿ ಇರೋದು ಆ ನಿರ್ಣಯದ ಕಾಗದ ಮಾತ್ರ. ಸದ್ದು ನಮಗೆ, ಹ್ಯಾಂಗರ್ ಬಾಡಿಗೆ ಅವರಿಗೆ, ತೀರ್ಮಾನವೂ ಅವರದೇ. ಇದು ಯಾವ ಸೀಮೆ ನ್ಯಾಯ?

ಇದು ನಾವು ನೀವು ಟಿಕೆಟ್ ತಗೊಂಡು ವಿಮಾನ ಹತ್ತುವ ಜಾಗ ಅಲ್ಲ. ಫ್ಲೈಯಿಂಗ್ ಸ್ಕೂಲಿನ ಪುಟ್ಟ ವಿಮಾನಗಳು, ಸ್ವಂತ ವಿಮಾನ ಇಟ್ಟುಕೊಂಡವರು, ಆಮೇಲೆ ಖಾಸಗಿ ಜೆಟ್‌ಗಳು. ಊರಿನ ಬಹಳಷ್ಟು ಜನ ಅದರ ಗೇಟು ದಾಟಿಯೇ ಇಲ್ಲ.

ಟಚ್ ಅಂಡ್ ಗೋ ಅಂದರೆ ಏನು ಅಂತ ಗೊತ್ತಿಲ್ಲದವರು ಪುಣ್ಯವಂತರು. ಕಲಿಯುವವನು ಇಳಿಯುತ್ತಾನೆ, ಚಕ್ರ ನೆಲಕ್ಕೆ ತಾಗಿಸಿ ನಿಲ್ಲದೆ ಹಾಗೇ ಏರುತ್ತಾನೆ, ಸುಮಾರು 1,000 ಅಡಿ ಎತ್ತರದಲ್ಲಿ ಒಂದು ಸುತ್ತು ಹಾಕಿ ಮತ್ತೆ ಬರುತ್ತಾನೆ, ಮತ್ತೆ ತಾಗಿಸುತ್ತಾನೆ, ಮತ್ತೆ ಏರುತ್ತಾನೆ. ಅದೇ ವಿಮಾನ, ಅದೇ ಮನೆಗಳ ಮೇಲೆ, ಗಂಟೆಗಟ್ಟಲೆ. ಅವನ ಹಿಂದೆ ಇನ್ನಿಬ್ಬರು. ಹವಾ ಚೆನ್ನಾಗಿದ್ದ ದಿನವೇ ಈ ಸುತ್ತಾಟ ಜಾಸ್ತಿ, ಹಾಗಾಗಿ ಕಿಟಕಿ ತೆಗೆದಿಡೋಣ ಅನ್ನಿಸುವ ದಿನವೇ ಎಲ್ಲಾ ಮುಚ್ಚಿಕೊಂಡು ಕೂರಬೇಕು. ಪೈಲಟ್ ಆಗಬೇಕು ಅನ್ನುವ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಅವರು ಎಲ್ಲೋ ಒಂದು ಕಡೆ ಕಲಿಯಲೇಬೇಕು. ಆದರೆ ಕಲಿಸುವವರು ದಿನಾ ನಮ್ಮ ನೆತ್ತಿಯನ್ನೇ ಆರಿಸಿಕೊಳ್ಳಬೇಕಾ?

ದೂರು ಕೊಟ್ಟರೆ ಸರಾಸರಿ ತೋರಿಸುತ್ತಾರೆ. ಹಗಲು ರಾತ್ರಿಯ ಸದ್ದನ್ನೆಲ್ಲ ಕೂಡಿಸಿ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನದಕ್ಕೆ 10 ಡೆಸಿಬೆಲ್ ಜಾಸ್ತಿ ಸೇರಿಸಿ, ಇಡೀ ವರ್ಷಕ್ಕೆ ಹಂಚಿ ಒಂದು ನಂಬರ್ ತೆಗೆಯುತ್ತಾರೆ. ಅದು 65 ಡೆಸಿಬೆಲ್ ದಾಟದಿದ್ದರೆ ನಿಮ್ಮ ಮನೆ ಲೆಕ್ಕಕ್ಕೇ ಇಲ್ಲ. ರೀ, ಬೆಳಗಿನ ಜಾವ ನನ್ನನ್ನು ಎಬ್ಬಿಸೋದು ವರ್ಷದ ಸರಾಸರಿ ಅಲ್ಲ, ಒಂದೇ ಒಂದು ಜೆಟ್!

ಸದ್ದನ್ನಾದರೂ ಸಹಿಸಬಹುದೇನೋ. ಆ ಪುಟ್ಟ ವಿಮಾನಗಳಲ್ಲಿ ಹೆಚ್ಚಿನವು ಈಗಲೂ ಸೀಸ ಬೆರೆಸಿದ ಪೆಟ್ರೋಲನ್ನೇ ಸುಡುತ್ತವೆ, ಲೀಟರಿಗೆ 0.56 ಗ್ರಾಂವರೆಗೆ. ಅಮೆರಿಕದಲ್ಲಿ ರಸ್ತೆ ಮೇಲಿನ ಗಾಡಿಗಳಿಗೆ ಸೀಸದ ಪೆಟ್ರೋಲ್ 1996ರಲ್ಲೇ ನಿಂತುಹೋಯಿತು. ಈ ವಿಮಾನಗಳ ಸೀಸ ಜನರ ಆರೋಗ್ಯಕ್ಕೆ ಅಪಾಯ ಅಂತ ಪರಿಸರ ಇಲಾಖೆ ಇಪಿಎ 2023ರಲ್ಲಿ ಅಧಿಕೃತವಾಗಿ ಹೇಳಿಯೂ ಆಯಿತು. ಆದರೂ ನಮ್ಮ ಶಾಲೆ ಮೈದಾನದ ಮೇಲೆ ಸುತ್ತು ನಿಂತಿಲ್ಲ. ಕ್ಯಾಲಿಫೋರ್ನಿಯಾದ ರೀಡ್-ಹಿಲ್‌ವ್ಯೂ ಏರ್‌ಪೋರ್ಟಿನಲ್ಲಿ 2022ರ ಶುರುವಿನಲ್ಲೇ ಸೀಸದ ಪೆಟ್ರೋಲ್ ಮಾರೋದನ್ನು ನಿಲ್ಲಿಸಿದರು. ಅದನ್ನು ನಿಲ್ಲಿಸಿದ್ದೂ ಒಂದು ಕೌಂಟಿಯೇ. ನಮ್ಮ ಕೌಂಟಿಗೆ ಕೇಳಿದರೆ, ಪರಿಶೀಲಿಸುತ್ತೇವೆ.

ಇನ್ನು ಎಲ್ಲಾ ಕಡೆ ಕೇಳಿಬರುವ ಮಾತು: 'ಮನೆ ತಗೊಳ್ಳುವಾಗ ಏರ್‌ಪೋರ್ಟ್ ಇತ್ತಲ್ವಾ?' ಇತ್ತು ಸ್ವಾಮಿ. ಅದು ಎಷ್ಟಿತ್ತೋ ಅಷ್ಟನ್ನು ನೋಡಿಯೇ ತಗೊಂಡಿದ್ದೇವೆ. ಈಗ ಬೆಳೆಯುತ್ತೇನೆ ಅನ್ನುತ್ತಿರೋದು ನನ್ನ ಮನೆಯಲ್ಲ, ನಿಮ್ಮ ರನ್‌ವೇ. ಅದೂ 'ಸುರಕ್ಷತೆಗಾಗಿ' ಅಂತೆ. ರನ್‌ವೇ ಉದ್ದ ಆದರೆ ಇದುವರೆಗೆ ಇಳಿಯಲಾಗದ ದೊಡ್ಡ ಜೆಟ್ ಇಳಿಯುತ್ತದೆ, ಅಷ್ಟೇ ವಿಷಯ. ಏರ್ ಆಂಬುಲೆನ್ಸ್ ಅಂತಲೂ ಸೇರಿಸುತ್ತಾರೆ. ಹೆಲಿಕಾಪ್ಟರ್‌ಗೆ ಯಾಕ್ರೀ ಅಷ್ಟುದ್ದ ರನ್‌ವೇ?

ನಿಜವಾಗಿ ಹೊಟ್ಟೆ ಉರಿಯೋದು ಗ್ರಾಂಟ್ ವಿಷಯಕ್ಕೆ. ಇಂಥ ಕಾಮಗಾರಿಗೆ ಫೆಡರಲ್ ಗ್ರಾಂಟ್, ಅಂದರೆ ಕೇಂದ್ರ ಸರ್ಕಾರದ ಅನುದಾನ ತಗೊಂಡರೆ ಅದರ ಷರತ್ತುಗಳು ಸಾಮಾನ್ಯವಾಗಿ 20 ವರ್ಷ ಏರ್‌ಪೋರ್ಟಿನವರ ಕೈ ಕಟ್ಟಿಹಾಕುತ್ತವೆ. ಮತ್ತೆ ತಗೊಂಡರೆ ಮತ್ತೆ 20. ಅದರ ಮೇಲೆ ವಿಮಾನದ ಸದ್ದಿನ ಬಗ್ಗೆ ಕೇಂದ್ರ ಸರ್ಕಾರ ತಂದ 1990ರ ಕಾನೂನು ಬೇರೆ. ಅದು ಬಂದಮೇಲೆ ರಾತ್ರಿ ಹಾರಾಟಕ್ಕೆ ಹೊಸದಾಗಿ ಕಡಿವಾಣ ಹಾಕೋದು, ಏರ್‌ಪೋರ್ಟಿನವರೇ ಮನಸ್ಸು ಮಾಡಿದರೂ, ಭಾರಿ ಕಷ್ಟ. ಹಾಗಾಗಿ ಉಳಿದಿರೋದು 'ದಯವಿಟ್ಟು ರಾತ್ರಿ ಹಾರಬೇಡಿ' ಅನ್ನೋ ಬೋರ್ಡು. ಅದನ್ನು ಯಾರು ಓದುತ್ತಾರೋ ದೇವರಿಗೇ ಗೊತ್ತು.

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ ನೋಡಿ. ಅಲ್ಲಿ ಏರ್‌ಪೋರ್ಟ್ ಸಿಟಿಯದೇ ಸ್ವಂತದ್ದು. ಆದರೂ ದಶಕಗಟ್ಟಲೆ ಗುದ್ದಾಡಿ, ಕೊನೆಗೆ 2017ರಲ್ಲಿ ಎಫ್‌ಎಎ ಜೊತೆ ಒಪ್ಪಂದ ಆಗಿ, ರನ್‌ವೇಯನ್ನು 3,500 ಅಡಿಗೆ ಇಳಿಸಿದರು. ಪೂರ್ತಿ ಮುಚ್ಚೋಕೆ 2028 ಮುಗಿಯುವ ತನಕ ಕಾಯಬೇಕು. ಸ್ವಂತದ್ದಕ್ಕೇ ಈ ಪಾಡು ಅಂದಮೇಲೆ, ಪಕ್ಕದ ಊರಿನವರಾದ ನಮ್ಮ ಮಾತು ಯಾರು ಕೇಳುತ್ತಾರೆ? ಗ್ರಾಂಟಿಗೆ ಸಹಿ ಬಿದ್ದಮೇಲೆ ಕೂಗಿ ಏನೂ ಗಿಟ್ಟಲ್ಲ. ಕೂಗೋದಿದ್ದರೆ ಈಗಲೇ.

ಕೌಂಟಿಯ ಮುಂದಿನ ಸಭೆಯಲ್ಲಿ ಮಾತಾಡೋಕೆ ಒಬ್ಬೊಬ್ಬರಿಗೆ ಮೂರು ನಿಮಿಷ ಕೊಡುತ್ತಾರಂತೆ. ಸದ್ದು, ನಿದ್ದೆ ಅಂತ ಶುರು ಮಾಡಿದರೆ ತಲೆ ಆಡಿಸಿ ಕಳಿಸಿಬಿಡುತ್ತಾರೆ. ಹೋಗುವವರೆಲ್ಲ ಗ್ರಾಂಟ್ ಅರ್ಜಿ ಯಾವಾಗ ಹಾಕುತ್ತೀರಿ, ಅದರಲ್ಲಿ ಏನೇನು ಷರತ್ತು ಒಪ್ಪುತ್ತೀರಿ ಅಂತ ಅದೊಂದನ್ನೇ ಕೇಳಿ. ಉತ್ತರ ಬರೆದು ಕೊಡಿ ಅನ್ನಿ.