ಆರ್‌ಸಿಯು ಕಾಮೆಂಟ್ ತಿದ್ದಿದ್ದು ಯಾಕೆ? ಒಂದು ಸ್ಪಷ್ಟನೆ

‘ಲಿನಕ್ಸ್ ಕರ್ನಲ್‌ನ ಕಾಮೆಂಟುಗಳಲ್ಲಿ ಸಿಂಕ್ರೊನೈಸ್_ಶೆಡ್ ಎಂದಿದ್ದನ್ನು ಸಿಂಕ್ರೊನೈಸ್_ಆರ್‌ಸಿಯು ಅಂತ ತಿದ್ದಿದ್ದು ಸುಮ್ನೆ ಪ್ಯಾಚ್ (ಕೋಡ್ ತಿದ್ದುಪಡಿ) ಲೆಕ್ಕ ಏರಿಸೋಕೆ’ ಎಂಬ ಮಾತು ಓಡಾಡುತ್ತಿದೆ. ಅದು ಸರಿಯಲ್ಲ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಕಾಮೆಂಟ್ ಅಂದರೆ ಕೋಡ್ ಪಕ್ಕ ಬರೆದ ವಿವರಣೆ. ಆರ್‌ಸಿಯು ಅಂದರೆ ಓದುವವರನ್ನು ತಡೆಯದೆ ಡೇಟಾ ಬದಲಿಸುವ ವಿಧಾನ. ಹಳೆಯ ಡೇಟಾ ಓದುತ್ತಿರುವವರು ಮುಗಿಸುವವರೆಗೆ ಕಾಯುವುದಕ್ಕೆ ಇದ್ದ ಫಂಕ್ಷನ್‌ಗಳು ಇವೆರಡು.

ಮೊದಲು ಇವೆರಡೂ ಬೇರೆ ಬೇರೆ ಇದ್ದವು. ಪ್ರಿಎಂಪ್ಶನ್ (ನಡೆಯುತ್ತಿರುವ ಕೆಲಸವನ್ನು ಮಧ್ಯೆ ನಿಲ್ಲಿಸಿ ಸಿಪಿಯುವನ್ನು ಬೇರೆ ಕೆಲಸಕ್ಕೆ ಕೊಡುವುದು) ಆಫ್ ಮಾಡಿಕೊಂಡು ಡೇಟಾ ಓದುತ್ತಿರುವ ಕೋಡ್ ಮುಗಿಯುವವರೆಗೆ ಕಾಯಬೇಕಾದರೆ ಸಿಂಕ್ರೊನೈಸ್_ಶೆಡ್ ಅನ್ನೇ ಕರೆಯಬೇಕಿತ್ತು. ಯಾವುದಕ್ಕೆ ಯಾವುದು ಅನ್ನುವ ಗೊಂದಲ ತಪ್ಪಿದ್ದಲ್ಲ. 2018ರ ಡಿಸೆಂಬರ್‌ನಲ್ಲಿ ಬಂದ 4.20 ಆವೃತ್ತಿಯಲ್ಲಿ ಆರ್‌ಸಿಯು ನಿರ್ವಾಹಕ ಪಾಲ್ ಮೆಕೆನ್ನಿ ಎರಡನ್ನೂ ಒಂದು ಮಾಡಿದರು. ಈಗ ಸಿಂಕ್ರೊನೈಸ್_ಆರ್‌ಸಿಯು ಒಂದೇ ಸಾಕು. ಆರ್‌ಸಿಯು ರೀಡ್ ಲಾಕ್ ಹಿಡಿದವರಿಗೂ ಕಾಯುತ್ತದೆ, ಪ್ರಿಎಂಪ್ಶನ್ ಅಥವಾ ಇಂಟರಪ್ಟ್ (ಸಿಪಿಯುವಿಗೆ ಬರುವ ತುರ್ತು ಸೂಚನೆ) ಆಫ್ ಮಾಡಿದವರಿಗೂ ಕಾಯುತ್ತದೆ. ಹಳೆಯ ಫಂಕ್ಷನ್ನನ್ನು ಆಮೇಲೆ ತೆಗೆದೇಬಿಟ್ಟರು. ಇಲ್ಲದ ಫಂಕ್ಷನ್ ಹೆಸರು ಹೇಳುವ ಕಾಮೆಂಟ್ ಇಟ್ಟುಕೊಂಡು ಏನು ಮಾಡೋದು? ಕಂಪೈಲರ್ ಅದನ್ನು ಓದಲ್ಲ, ನಿಜ. ಲಾಕಿಂಗ್ ಕೋಡ್ ತಿದ್ದುವವರು ಮೊದಲು ಓದೋದೇ ಅದನ್ನು, ಅಲ್ವಾ?

ಆದರೆ ಇದೇ ತಿದ್ದುಪಡಿಯನ್ನು ಹಳೆಯ 4.19 ಆವೃತ್ತಿಗೆ ಹಾಕಬೇಡಿ. ಅಲ್ಲಿ ಕರ್ನಲ್ ಪ್ರಿಎಂಪ್ಶನ್ ಇರುವ ಬಿಲ್ಡ್‌ನಲ್ಲಿ ವ್ಯತ್ಯಾಸ ಇನ್ನೂ ಇದೆ. ಎಸ್‌ಆರ್‌ಸಿಯು (ಓದುವ ಕೋಡ್ ಮಧ್ಯೆ ನಿದ್ರಿಸಲು ಬಿಡುವ ಆರ್‌ಸಿಯು ಬಗೆ) ಮಾತ್ರ ಹೊಸ ಕರ್ನಲ್‌ನಲ್ಲೂ ಬೇರೆಯೇ.