ಸಂಖ್ಯೆಗೂ ಒಂದು ಗುಣನಡತೆ ಪತ್ರ

ಈಗ ಸಾಕಷ್ಟು ದೊಡ್ಡ ಸಂಖ್ಯೆಯನ್ನು ಕಂಪ್ಯೂಟರಿನ ಬಾಯಿಗೆ ಹಾಕಿದರೂ ರೆಪ್ಪೆ ಮಿಟುಕಿಸುವಷ್ಟರಲ್ಲಿ ಅದರ ಪೂರ್ತಿ ಜಾತಕ ಹೊರಬೀಳುತ್ತದೆ. ನಿನ್ನೆ ನಾನು 147573952589676412927 ಎಂಬ ಇಪ್ಪತ್ತೊಂದು ಅಂಕಿಗಳ ಮಹಾಶಯನನ್ನು ಹಾಕಿ ನೋಡಿದೆ. ಇದು ಬೆಸ ಸಂಖ್ಯೆ ಎಂದು ಮೊದಲ ಸಾಲಿನಲ್ಲೇ ತಿಳಿಸಲಾಗಿತ್ತು. ಕೊನೆಯ 7 ನನ್ನ ಕಣ್ಣಿಗೂ ಬಿದ್ದಿತ್ತಾದರೂ ಕೃತಜ್ಞನಾದೆ. ಅಂಕಿಗಳ ಮೊತ್ತ 109. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೂ ತನ್ನಷ್ಟಾಗದ್ದರಿಂದ ಇದು ‘ನ್ಯೂನ’. ಅಂಕಿಗಳ ವರ್ಗಗಳನ್ನು ಕೂಡಿದರೆ 705, ಅದಕ್ಕೂ ಹಾಗೆಯೇ ಮಾಡಿದರೆ 74, ಆಮೇಲೆ 65, 61, 37. ಅಲ್ಲಿಂದ 58, 89, 145, 42, 20, 4, 16 ಎಂದು ಅಲೆದು ಮತ್ತೆ 37ಕ್ಕೇ ಬಂದು ಬೀಳುತ್ತದೆಯೇ ಹೊರತು 1ನ್ನು ಎಂದೂ ಮುಟ್ಟುವುದಿಲ್ಲವಾದ್ದರಿಂದ ‘ಅಸುಖಿ’. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಸಾಲಾಗಿ 67 ಒಂದುಗಳು. ಅವುಗಳ ಎಣಿಕೆ ಬೆಸವಾದ್ದರಿಂದ ‘ಓಡಿಯಸ್’, ಅಂದರೆ ಹೇಯ. ಎಣಿಕೆ ಸಮವಾಗಿದ್ದಿದ್ದರೆ ‘ಈವಿಲ್’, ಅಂದರೆ ದುಷ್ಟ ಎಂಬ ಬಿರುದು ಕಾದಿತ್ತು. ಹುಟ್ಟಿದ ಮೇಲೆ ಎರಡರಲ್ಲೊಂದು ತಪ್ಪಿದ್ದಲ್ಲ.

ಇವುಗಳಲ್ಲಿ ಮೊತ್ತ, ಸುಖ, ಅಸುಖಗಳೆಲ್ಲ ಸಂಖ್ಯೆಯ ಗುಣಗಳೇ ಅಲ್ಲ, ನಮ್ಮ ಕೈಗಳಲ್ಲಿ ಹತ್ತು ಬೆರಳಿರುವುದರ ಫಲ. ಎಂಟೇ ಬೆರಳಿನ ಜೀವಿ ಇದನ್ನೇ ಬರೆದರೆ ಒಂದರ ಮುಂದೆ 22 ಏಳುಗಳು ನಿಲ್ಲುತ್ತವೆ, ಮೊತ್ತ 155 ಆಗುತ್ತದೆ. ಸಂಖ್ಯೆ ಮಾತ್ರ ಇದ್ದಲ್ಲೇ ಇರುತ್ತದೆ.

ಎರಡರ 67ನೆಯ ಘಾತದಲ್ಲಿ ಒಂದನ್ನು ಕಳೆದರೆ ಸಿಗುವ ಇದನ್ನು 1644ರಲ್ಲಿ ಫ್ರೆಂಚ್ ವಿದ್ವಾಂಸ ಮರ್ಸೆನ್ ಅವಿಭಾಜ್ಯವೆಂದು ಪಟ್ಟಿಗೆ ಸೇರಿಸಿದ. ದೊಡ್ಡವರು ಹೇಳಿದ್ದಾರೆಂದು ಆ ಮಾತು ಇನ್ನೂರು ವರ್ಷಕ್ಕೂ ಮೀರಿ ನಿಂತಿತು. 1876ರಲ್ಲಿ ಗಣಿತಜ್ಞ ಲ್ಯೂಕಾ ಅದು ಸುಳ್ಳೆಂದು ಸಾಧಿಸಿದರೂ ಯಾವುದರಿಂದ ಭಾಗವಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ. 1903ರಲ್ಲಿ ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಸಭೆಯೊಂದರಲ್ಲಿ ತುಟಿ ಬಿಚ್ಚದೆ ಕಪ್ಪುಹಲಗೆಯ ಮೇಲೆ 193707721ನ್ನು 761838257287ರಿಂದ ಗುಣಿಸಿ ತೋರಿಸಿ, ಹಾಗೆಯೇ ಹೋಗಿ ಕುಳಿತನಂತೆ. ಇದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದವೆಂದು ಕಥೆ.

ಆ ಭಾನುವಾರಗಳನ್ನು ನೆನೆದಾಗ ನನಗೆ ನಗು ಬರುವುದಿಲ್ಲ. ಒಬ್ಬ ಮನುಷ್ಯ ಬೆವರು ಸುರಿಸಿ ಕಂಡುಕೊಂಡದ್ದನ್ನೂ ಯಾರೂ ಕೇಳದ ಕಸವನ್ನೂ ಒಂದೇ ಅಕ್ಷರದ ಅಳತೆಯಲ್ಲಿ ಸುರಿದು ಅದಕ್ಕೆ ಮಾಹಿತಿ ಎನ್ನುತ್ತಾರೆ, ಸಾಕಾಗಿದೆ. ಕೋಲನ ಎರಡು ಅಪವರ್ತನಗಳೂ ನನ್ನ ಪಟ್ಟಿಯಲ್ಲಿದ್ದವು, ಹದಿನೇಳನೆಯ ಸಾಲಿನಲ್ಲಿ, ಈ ಸಂಖ್ಯೆಯನ್ನು ರೋಮನ್ ಅಂಕಿಗಳಲ್ಲಿ ಬರೆಯಲಾಗದೆಂಬ ವಿಷಾದದ ಕೆಳಗೆ.